ಮೈಕನ್ನು ಮಕ್ಕಳೇ ಕಟ್ಟಲಿ
ಬಸವಸಾಗರದ ದಡದ ನಾರಾಯಣಪುರದಂತಹ ಊರಿನಲ್ಲಿ ಶಾಲೆಯ ಮೈಕು ಮೌನ ತಾಳಿತೆಂದರೆ, ಅದನ್ನು ಹೊತ್ತು ಸುರಪುರಕ್ಕೋ ಹುಣಸಗಿಗೋ ಹೋಗುವುದು ಅನಿವಾರ್ಯವೇನಲ್ಲ. 1916ರಲ್ಲಿ ವೆಂಟ್ ನಿರ್ಮಿಸಿದ ಕಂಡೆನ್ಸರ್ ಮೈಕಿನ ತತ್ತ್ವ ಸರಳವಾದುದು: ದನಿಗೆ ತೆಳುಪೊರೆ ಕಂಪಿಸಿದಾಗ ಅದಕ್ಕೂ ಹಿಂಬದಿಯ ತಗಡಿಗೂ ನಡುವಣ ಅಂತರ ಬದಲಾಗಿ ವೋಲ್ಟೇಜು ಏರಿಳಿಯುತ್ತದೆ. ಸೆಸ್ಲರ್ ಮತ್ತು ವೆಸ್ಟ್ 1962ರಲ್ಲಿ ರೂಪಿಸಿದ ಇಲೆಕ್ಟ್ರೆಟ್ ಪೊರೆಯು ವಿದ್ಯುದಂಶವನ್ನು ತಾನೇ ಹಿಡಿದಿಟ್ಟುಕೊಳ್ಳುವುದು. ಆದರೆ ಗುಂಡಿಯಷ್ಟು ಚಿಕ್ಕದಾದ ಆ ಮೈಕಿನೊಳಗಿನ ಟ್ರಾನ್ಸಿಸ್ಟರಿಗೆ ಆಹಾರ ಬೇಕಷ್ಟೆ! ಅದನ್ನು ಉಣಿಸುವ, ಸುಮಾರು 2.2 ಕಿಲೋ ಓಮಿನ ರೋಧಕವನ್ನು ಮರೆತು ಮೈಕೇ ಕೆಟ್ಟಿತೆನ್ನುವುದುಂಟು. ಈ ರೋಧಕ, ಏಕಮುಖ ಪ್ರವಾಹವನ್ನು ತಡೆಯುವ ಕಂಡೆನ್ಸರು, ವರ್ಧನೆಗೊಂದು ಟ್ರಾನ್ಸಿಸ್ಟರು, 9 ವೋಲ್ಟಿನ ಬ್ಯಾಟರಿ, ಇವನ್ನು ಹತ್ತನೆಯ ತರಗತಿಯವರ ಕೈಗೆ ಕೊಡಬಾರದೇಕೆ? ಓಮನ ನಿಯಮವನ್ನು ಬಾಯಿಪಾಠ ಮಾಡಿಸುವುದಕ್ಕಿಂತ, ರೋಧಕವನ್ನು ಬದಲಿಸಿ ಬದಲಿಸಿ ದನಿಯ ವ್ಯತ್ಯಾಸವನ್ನು ಆಲಿಸಗೊಡುವುದು ಮೇಲು. ಬ್ಯಾಟರಿಯ ಧ್ರುವಗಳು ಅದಲುಬದಲಾಗದಂತೆ ಅಧ್ಯಾಪಕರು ನೋಡಿಕೊಂಡರಾಯಿತು.