ಬಾತು ಸರಿಯಾಗಿರಬೇಕು, ಅಷ್ಟೇ

‘ಫಾರ್ಗೋ’ (1996) ಸಿನಿಮಾ ನೋಡಿದವರಿಗೆ ನಾರ್ಮ್ ನೆನಪಿರಬಹುದು. ಹೊರಗೆ ಕೊಲೆ ಮೇಲೆ ಕೊಲೆ. ಹೆಂಡತಿ ಮಾರ್ಜ್ ಪೊಲೀಸ್ ಚೀಫ್, ತುಂಬು ಗರ್ಭಿಣಿ, ಹಿಮದಲ್ಲಿ ತನಿಖೆ ಮಾಡ್ತಾ ಓಡಾಡ್ತಿರ್ತಾಳೆ. ಈ ಮಹಾಶಯ ಮನೇಲಿ ಕೂತು ಸ್ಟಾಂಪ್ ಸ್ಪರ್ಧೆಗೆ ಬಾತುಕೋಳಿ ಚಿತ್ರ ಬಿಡಿಸ್ತಿರ್ತಾನೆ. ಕೊನೆಗೆ ಅವನ ಚಿತ್ರಕ್ಕೆ ಸಿಗೋದು ಮೂರು ಸೆಂಟಿನ ಸ್ಟಾಂಪ್. ದೊಡ್ಡ ಸ್ಟಾಂಪ್ ಹಾಟ್‌ಮನ್ ಅನ್ನೋರ ಪಾಲಾಗತ್ತೆ. ನೋಡಿದವರು ನಗ್ತಾರೆ, ಇದೂ ಒಂದು ಕೆಲಸಾನಾ ಅಂತ.

ಹಾಟ್‌ಮನ್ ಅನ್ನೋದು ಸಿನಿಮಾದವರು ಕಟ್ಟಿದ ಹೆಸರಲ್ಲ. ಜಿಮ್, ಜೋ, ಬಾಬ್ ಅಂತ ಮಿನೆಸೋಟಾದ ಮೂವರು ಅಣ್ಣತಮ್ಮಂದಿರು ನಿಜವಾಗ್ಲೂ ಇದ್ದಾರೆ. ಅಮೆರಿಕದ ಫೆಡರಲ್ ಡಕ್ ಸ್ಟಾಂಪ್ ಸ್ಪರ್ಧೆಯನ್ನ ಮೂವರೂ ಸೇರಿ ಹತ್ತಕ್ಕಿಂತ ಹೆಚ್ಚು ಸಲ ಗೆದ್ದಿದ್ದಾರೆ. ಅವರಲ್ಲಿ ಜೋ ಫಿಸಿಕ್ಸ್‌ನಲ್ಲಿ ಪಿಎಚ್‌ಡಿ ಮಾಡಿದವರು. ಆ ಮೇಲೆ ಬಾತುಕೋಳಿ ಕಡೆ ಬಂದರು.

ನಮ್ಮ ಕ್ಯಾಂಪಸ್‌ನಲ್ಲಿ ಚಿತ್ರದ ಬಗ್ಗೆ ಒಂದು ಮಾತು ಆಗಾಗ ಕೇಳಿಸತ್ತೆ. ಯಾರಾದ್ರೂ ಪೆನ್ಸಿಲ್ ಹಿಡಿದು ಇದ್ದದ್ದು ಇದ್ದ ಹಾಗೆ ಬಿಡಿಸಿದ್ರೆ “ಸೂಪರ್, ಫೋಟೋ ತರಾನೇ ಇದೆ” ಅಂತೀವಿ. ಮುಂದಿನ ನಿಮಿಷದಲ್ಲೇ “ಆದ್ರೆ ಕ್ರಿಯೇಟಿವಿಟಿ ಎಲ್ಲಿ? ಇದು ಜೆರಾಕ್ಸ್ ಅಷ್ಟೇ” ಅಂತ ಸೇರಿಸ್ತೀವಿ. ಈಗ ಇನ್ನೊಂದು ವಾದ ಬಂದಿದೆ: ಎಐಗೆ ಹೇಳಿದ್ರೆ ಹತ್ತು ಸೆಕೆಂಡಲ್ಲಿ ಬಾತುಕೋಳಿ ಬರತ್ತೆ, ತಿಂಗಳುಗಟ್ಟಲೆ ಗರಿ ಗರಿ ಬಿಡಿಸೋದು ಯಾಕೆ? ಎರಡೂ ಮಾತು ತಪ್ಪು ಅನ್ನೋದು ನನ್ನ ವಾದ. ಅದಕ್ಕೆ ಈ ಡಕ್ ಸ್ಟಾಂಪ್‌ಗಿಂತ ಒಳ್ಳೇ ಉದಾಹರಣೆ ನನಗೆ ಸಿಕ್ಕಿಲ್ಲ.

ಮೊದಲು ಈ ಸ್ಟಾಂಪ್ ಏನು ಅಂತ ನೋಡೋಣ. ಇದನ್ನ ಕಾಗದಕ್ಕೆ ಅಂಟಿಸಿ ಪೋಸ್ಟ್ ಮಾಡೋಕೆ ಆಗಲ್ಲ. ಇದು ಬೇಟೆಗಾರರ ಲೈಸೆನ್ಸ್ ಜೊತೆ ಇರಬೇಕಾದ ಸ್ಟಾಂಪ್. 1930ರ ದಶಕದಲ್ಲಿ ಅಮೆರಿಕದಲ್ಲಿ ಭಾರೀ ಬರ. ಅದರ ಜೊತೆಗೆ ಜೌಗು ನೆಲ ಬಸಿದು ಹೊಲ ಮಾಡಿದ್ದರಿಂದ ನೀರುಹಕ್ಕಿಗಳ ಸಂಖ್ಯೆ ಕುಸಿದಿತ್ತು. 1934ರಲ್ಲಿ ಒಂದು ಕಾನೂನು ಬಂತು: 16 ವರ್ಷ ದಾಟಿದವರು ನೀರುಹಕ್ಕಿ ಬೇಟೆ ಆಡಬೇಕಾದ್ರೆ ವರ್ಷಕ್ಕೊಂದು ಸ್ಟಾಂಪ್ ಕೊಳ್ಳಲೇಬೇಕು. ಮೊದಲ ಸ್ಟಾಂಪಿನ ಬೆಲೆ 1 ಡಾಲರ್. ಚಿತ್ರ ಬಿಡಿಸಿದ್ದು ಪುಲಿಟ್ಜರ್ ಗೆದ್ದಿದ್ದ ವ್ಯಂಗ್ಯಚಿತ್ರಕಾರ ‘ಡಿಂಗ್’ ಡಾರ್ಲಿಂಗ್. ಜೌಗಿಗೆ ಇಳೀತಿರೋ ಎರಡು ಮಲ್ಲಾರ್ಡ್ ಬಾತುಗಳು. ಆಗ ವನ್ಯಜೀವಿಗಳನ್ನ ನೋಡ್ಕೊಳ್ಳೋ ಸರ್ಕಾರಿ ಇಲಾಖೆಯ ಮುಖ್ಯಸ್ಥರೂ ಅವರೇ. ಎಲ್ಲರಿಗೂ ತೆರೆದ ಸ್ಪರ್ಧೆ ಶುರುವಾಗಿದ್ದು 1949ರಲ್ಲಿ.

ಈಗ ಒಂದು ಸ್ಟಾಂಪಿಗೆ 25 ಡಾಲರ್. ಅದರಲ್ಲಿ ಶೇ. 98ರಷ್ಟು ಹಣ ಜೌಗು ಪ್ರದೇಶ ಕೊಳ್ಳೋಕೆ ಅಥವಾ ಗುತ್ತಿಗೆಗೆ ತಗೊಳ್ಳೋಕೆ ಹೋಗತ್ತೆ. ಇಲ್ಲಿವರೆಗೆ ಉಳಿದಿರೋ ನೆಲ 60 ಲಕ್ಷ ಎಕರೆಗಿಂತ ಹೆಚ್ಚು. ಲೆಕ್ಕ ಹಾಕಿ ನೋಡಿದೆ: ಸುಮಾರು 24,000 ಚದರ ಕಿಲೋಮೀಟರ್, ಅಂದ್ರೆ ಕರ್ನಾಟಕದ ಎಂಟನೇ ಒಂದು ಭಾಗ! ಅಂಗೈಯಲ್ಲಿ ಮುಚ್ಚಿಟ್ಟುಕೊಳ್ಳಬಹುದಾದ ಒಂದು ಚಿತ್ರದ ಹೆಸರಲ್ಲಿ.

ಈಗ ಸ್ಪರ್ಧೆಯ ನಿಯಮಗಳು. ನಮಗೆ ಇಷ್ಟ ಆಗೋ ಭಾಗ ಇದು, ಯಾಕಂದ್ರೆ ಪೂರ್ತಿ ಒಂದು ಸ್ಪೆಕ್ ಶೀಟ್ ಓದಿದ ಹಾಗಿರತ್ತೆ. ಚಿತ್ರದ ಅಳತೆ 7 ಇಂಚು × 10 ಇಂಚು. ಆ ವರ್ಷ ಯಾವ ಯಾವ ಜಾತಿ ಬಿಡಿಸಬಹುದು ಅಂತ ಮೊದಲೇ ಪಟ್ಟಿ ಕೊಡ್ತಾರೆ, ಐದಕ್ಕಿಂತ ಹೆಚ್ಚಿರಲ್ಲ. ಜೀವಂತ ಹಕ್ಕಿಯೇ ಚಿತ್ರದಲ್ಲಿ ಎದ್ದು ಕಾಣಬೇಕು. ಚಿತ್ರದ ಮೇಲೆ ಅಕ್ಷರ, ಸಹಿ ಇರಬಾರದು. ಐದು ಜನ ತೀರ್ಪುಗಾರರು, ಮೂರು ಸುತ್ತು. ಅವರು ನೋಡೋದು ಮುಖ್ಯವಾಗಿ ಮೂರು: ಹಕ್ಕಿಯ ದೇಹ ಸರಿಯಾಗಿದೆಯಾ, ಚಿತ್ರದ ಕಟ್ಟು ಚೆನ್ನಾಗಿದೆಯಾ, ಸ್ಟಾಂಪ್ ಸೈಜಿಗೆ ಇಳಿಸಿದಾಗ ನಿಲ್ಲತ್ತಾ. ಗೆದ್ದವರಿಗೆ ಸರ್ಕಾರದಿಂದ ಬಹುಮಾನದ ಹಣ ಒಂದು ಪೈಸೆ ಇಲ್ಲ. ಸಚಿವರ ಸಹಿ ಇರೋ ಒಂದು ಸ್ಟಾಂಪ್ ಹಾಳೆ ಕೊಡ್ತಾರೆ, ಅಷ್ಟೇ. ಆದ್ರೆ ಚಿತ್ರದ ಪ್ರಿಂಟ್ ಮಾರೋ ಹಕ್ಕು ಕಲಾವಿದರದ್ದೇ ಆಗಿರೋದ್ರಿಂದ ಸಂಪಾದನೆ ಆ ದಾರೀಲಿ ಬರತ್ತೆ.

ಇಷ್ಟೆಲ್ಲ ಕಟ್ಟುಪಾಡು ಇದ್ರೆ ಕಲೆ ಎಲ್ಲಿ ಉಳೀತು ಅಂತ ಕೇಳಬಹುದು. ಹಾಗಾದ್ರೆ ಒಂದು ಗಂಡು ಮಲ್ಲಾರ್ಡ್ ಬಿಡಿಸೋದು ಅಂದ್ರೆ ಏನು ಅಂತ ನೋಡಿ.

ತಲೆ ಹಸಿರು. ಹಸಿರು ಬಣ್ಣದ ಟ್ಯೂಬ್ ಹಿಂಡಿ ಬಳಿದ್ರೆ ಮುಗೀತಾ? ಇಲ್ಲ. ಆ ಹಸಿರು ಗರಿಯಲ್ಲಿರೋ ಬಣ್ಣವೇ ಅಲ್ಲ. ಗರಿಯೊಳಗಿನ ಸೂಕ್ಷ್ಮ ರಚನೆಯಲ್ಲಿ ಬೆಳಕಿನ ಅಲೆಗಳು ಇಂಟರ್‌ಫಿಯರ್ ಆಗಿ ಹುಟ್ಟೋದು. ಫಸ್ಟ್ ಇಯರ್ ಫಿಸಿಕ್ಸ್ ಲ್ಯಾಬಲ್ಲಿ ನ್ಯೂಟನ್ಸ್ ರಿಂಗ್ಸ್ ಅಂತ ಕಣ್ಣು ಕಿರಿದು ಮಾಡಿ ಎಣಿಸಿದ್ವಲ್ಲ, ಅದೇ ವಂಶದ್ದು. ಕೋನ ಬದಲಾದ್ರೆ ನೇರಳೆ, ಇನ್ನೂ ಬದಲಾದ್ರೆ ಕಪ್ಪು. ಅಂದ್ರೆ ಸೂರ್ಯ ಎಲ್ಲಿದ್ದಾನೆ ಅಂತ ತೀರ್ಮಾನ ಮಾಡದೆ ಆ ತಲೆಗೆ ಬಣ್ಣ ಹಾಕೋಕೇ ಆಗಲ್ಲ.

ರೆಕ್ಕೆ ಮೇಲೆ ಒಂದು ನೀಲಿ ಪಟ್ಟಿ ಇರತ್ತೆ, ಸ್ಪೆಕ್ಯುಲಮ್ ಅಂತಾರೆ. ಅದರ ಎರಡೂ ಕಡೆ ಬಿಳಿ ಗೆರೆ. ಆ ಬಿಳಿ ಗೆರೆ ಮರೆತ್ರೆ ಗುರುತು ಬ್ಲ್ಯಾಕ್ ಡಕ್ ಅನ್ನೋ ಬೇರೆ ಜಾತಿ ಕಡೆ ಹೋಗತ್ತೆ. ಬೇಸಿಗೆಯಲ್ಲಿ ಗಂಡು ಬಾತು ಆ ಚಂದದ ಗರಿ ಉದುರಿಸಿ ಹೆಣ್ಣಿನ ಹಾಗೆ ಕಂದು ಆಗತ್ತೆ. ಹಾರೋ ಗರಿಗಳೂ ಒಟ್ಟಿಗೆ ಉದುರಿ ಕೆಲವು ವಾರ ಹಾರೋಕೇ ಆಗಲ್ಲ. ಹಾಗಾಗಿ ಹಿಂದೆ ಬೇಸಿಗೆ ನಡುವಿನ ಹಸಿರು ಹುಲ್ಲು ಹೂವು ಬಿಡಿಸಿ, ಮುಂದೆ ಪಳಪಳ ಹೊಳೆಯೋ ಗಂಡು ಬಾತು ಹಾರಿಸಿದ್ರೆ ಚಿತ್ರ ಸುಳ್ಳಾಯ್ತು. ಹಕ್ಕಿ ಸರಿ, ಹಿನ್ನೆಲೆ ಸರಿ, ಎರಡೂ ಸೇರಿದ್ದು ತಪ್ಪು.

ನೀರಿನ ಪ್ರತಿಬಿಂಬಾನೂ ಹಾಗೇ. ಹಕ್ಕಿಯನ್ನ ತಲೆಕೆಳಗೆ ಮಾಡಿ ಕಾಪಿ ಪೇಸ್ಟ್ ಮಾಡಿದ್ರೆ ಆಗಲ್ಲ. ನಾವು ಮೇಲಿಂದ ನೋಡ್ತಿದ್ರೆ ಪ್ರತಿಬಿಂಬದಲ್ಲಿ ಗದ್ದದ ಅಡಿ, ಬಾಲದ ಅಡಿ ಕಾಣಬೇಕು. ಇಂಜಿನಿಯರಿಂಗ್ ಡ್ರಾಯಿಂಗ್‌ನಲ್ಲಿ ಪ್ರೊಜೆಕ್ಷನ್ ಮಾಡಿ ಬೈಸಿಕೊಂಡವರಿಗೆ ಇದು ಅರ್ಥ ಆಗತ್ತೆ.

ಇಷ್ಟೆಲ್ಲ ತಿಳಿದು ಬಿಡಿಸಿದ ಮೇಲೆ ಅದನ್ನ ಒಂದೂವರೆ ಎರಡು ಇಂಚಿಗೆ ಇಳಿಸ್ತಾರೆ. ಆಗ ಯಾವ ಗರಿ ಉಳೀಬೇಕು, ಯಾವುದು ಮಬ್ಬಾದ್ರೂ ನಡೆಯತ್ತೆ ಅನ್ನೋದನ್ನ ಮೊದಲೇ ಯೋಚಿಸಿರಬೇಕು. ಎಲ್ಲಾನೂ ಬಿಡಿಸೋದು ಜೆರಾಕ್ಸ್. ಏನು ಬಿಡಬೇಕು ಅಂತ ಗೊತ್ತಿರೋದು ಡಿಸೈನ್.

ಜೆರಾಕ್ಸ್ ಅನ್ನೋರಿಗೆ ನನ್ನ ಉತ್ತರ ಇಷ್ಟೇ: ಕ್ಯಾಮೆರಾಗೆ ಹಕ್ಕಿ ಬಗ್ಗೆ ಏನೂ ಗೊತ್ತಿರಬೇಕಾಗಿಲ್ಲ, ಬಿಡಿಸೋನಿಗೆ ಗೊತ್ತಿರಲೇಬೇಕು.

ಎಐ ವಾದಕ್ಕೆ ಸ್ಪರ್ಧೆಯ ನಿಯಮವೇ ಉತ್ತರ ಕೊಟ್ಟಿದೆ. ಕೈಯಲ್ಲಿ ಬಿಡಿಸಿದ ಸ್ವಂತ ಚಿತ್ರ ಆಗಿರಬೇಕು. ಫೋಟೋ, ಕಂಪ್ಯೂಟರ್‌ನಿಂದ ತಯಾರಾದ ಚಿತ್ರ, ಪ್ರಿಂಟರ್‌ನಿಂದ ಬಂದದ್ದು ಯಾವುದಕ್ಕೂ ಅವಕಾಶ ಇಲ್ಲ. ಇಂಟರ್ನೆಟ್‌ನಲ್ಲಿರೋ ಚಿತ್ರ ನಕಲು ಮಾಡಿದ್ರೂ ಔಟ್. ನನಗೆ ಎಐ ಮೇಲೆ ಕೋಪ ಏನಿಲ್ಲ, ಅಸೈನ್‌ಮೆಂಟ್ ಸೀಸನ್‌ನಲ್ಲಿ ನಾವೆಲ್ಲ ಅದರ ಭಕ್ತರೇ. ಆದ್ರೆ ಅದು ಕೊಡೋ ಬಾತುಕೋಳಿ ‘ಬಾತುಕೋಳಿ ತರ’ ಇದ್ರೆ ಸಾಕು, ನಾವು ಲೈಕ್ ಒತ್ತಿ ಮುಂದೆ ಹೋಗ್ತೀವಿ. ಬಿಳಿ ಗೆರೆ ಇಲ್ಲ ಅಂತ ಯಾರೂ ಕೇಳಲ್ಲ. ಇಲ್ಲಿ ಕೇಳ್ತಾರೆ. ಬೆಳಗಿನ ಜಾವ ಜೌಗಿನಲ್ಲಿ ಕೂತು ಈ ಹಕ್ಕಿಗಳನ್ನ ನೋಡಿದವರು ಕೇಳ್ತಾರೆ. ತಪ್ಪಿದ್ರೆ ಹಿಡಿಯೋರು ಇದ್ದಾರೆ ಅನ್ನೋ ಭಯವೇ ಕೆಲಸಕ್ಕೆ ಮರ್ಯಾದೆ ಕೊಡೋದು. ಸೇತುವೆ ಕಟ್ಟೋರಿಗೂ ಅದೇ, ಹಕ್ಕಿ ಬಿಡಿಸೋರಿಗೂ ಅದೇ.

ಈ ಸ್ಪರ್ಧೆಯ ಬಗ್ಗೆ ತಕರಾರು ಇಲ್ಲ ಅಂತಲ್ಲ. ಚಿತ್ರಗಳು ಒಂದೇ ಅಚ್ಚಿನವು ಅನ್ನಿಸೋದು ನಿಜ: ಸಂಜೆ ಬೆಳಕು, ಜೊಂಡು, ಜೋಡಿ ಹಕ್ಕಿ. ಒಂದೇ ಮನೆಯವರು ಇಷ್ಟು ಸಲ ಗೆದ್ದಿದ್ದಾರೆ ಅಂದ್ರೆ ತೀರ್ಪುಗಾರರ ರುಚಿಗೂ ಒಂದು ಫಾರ್ಮುಲಾ ಇದೆ ಅಂತ ಅನುಮಾನ ಬರೋದೂ ಸಹಜ. ಗೆದ್ದವರು ಮುಂದಿನ ಮೂರು ಸ್ಪರ್ಧೆಗೆ ಬರೋ ಹಾಗಿಲ್ಲ ಅನ್ನೋ ನಿಯಮ ಇದ್ದೂ ಹೀಗೆ.

ಅದಕ್ಕಿಂತ ದೊಡ್ಡ ಪ್ರಶ್ನೆ ಬೇಟೆಯದ್ದು. ಹಕ್ಕಿ ಕೊಲ್ಲೋರ ದುಡ್ಡಲ್ಲಿ ಹಕ್ಕಿ ಉಳಿಸೋದು ಅನ್ನೋದು ಬೇಟೆಯೇ ನಿಷೇಧ ಇರೋ ನಮ್ಮ ದೇಶದವರಿಗೆ ಗಂಟಲಲ್ಲಿ ಇಳಿಯಲ್ಲ. ನನಗೂ ಪೂರ್ತಿ ಇಳಿದಿಲ್ಲ. ಆದ್ರೆ ಬೇಟೆ ಆಡದವರೂ, ಹಕ್ಕಿ ನೋಡೋರೂ, ಸ್ಟಾಂಪ್ ಕೂಡಿಸೋರೂ ಇದನ್ನ ಕೊಳ್ತಾರೆ. 2020ರಲ್ಲಿ ಪ್ರತಿ ಚಿತ್ರದಲ್ಲೂ ಬೇಟೆಯ ಒಂದು ಗುರುತು ಇರಲೇಬೇಕು ಅಂತ ಸರ್ಕಾರ ಕಡ್ಡಾಯ ಮಾಡಿತ್ತು. ಮರುವರ್ಷವೇ ಆ ನಿಯಮ ತೆಗೆದರು. ತೆಗೆದದ್ದು ಒಳ್ಳೇದಾಯ್ತು ಅಂತೀನಿ. ಅಳತೆ, ಜಾತಿ, ದೇಹ ಇವು ಹಕ್ಕಿಗೆ ನಿಷ್ಠೆಯಾಗಿರೋಕೆ ಇರೋ ನಿಯಮಗಳು. ಬೇಟೆಯ ಸಾಮಾನು ತುರುಕು ಅನ್ನೋದು ಬೇರೆ ಯಾರಿಗೋ ನಿಷ್ಠೆ. ಒಳ್ಳೇ ಸ್ಪೆಕ್‌ಗೂ ಕೆಟ್ಟ ಸ್ಪೆಕ್‌ಗೂ ವ್ಯತ್ಯಾಸ ಇದೇ.

ನಾವ್ಯಾರೂ ಈ ಸ್ಪರ್ಧೆಗೆ ಹೋಗೋ ಹಾಗಿಲ್ಲ, ಅದು ಅಮೆರಿಕದ ಪ್ರಜೆಗಳಿಗೆ, ಅಲ್ಲೇ ನೆಲೆಸಿದವರಿಗೆ ಮಾತ್ರ. ಆದ್ರೆ ಹಕ್ಕಿಗಳಿಗೆ ಪಾಸ್‌ಪೋರ್ಟ್ ಇಲ್ಲ. 2023ರ ಸ್ಪರ್ಧೆಯಲ್ಲಿ ಚಕ್ ಬ್ಲ್ಯಾಕ್ ಅನ್ನೋ ಕಲಾವಿದ ಗೆದ್ದಿದ್ದು ಪಿನ್‌ಟೇಲ್ ಬಿಡಿಸಿ. ನಮ್ಮಲ್ಲಿ ಸೂಜಿಬಾಲದ ಬಾತು ಅಂತಾರೆ. ಅದೇ ಜಾತಿ ಚಳಿಗಾಲದಲ್ಲಿ ನಮ್ಮ ಕೆರೆಗಳಿಗೂ ಬರತ್ತೆ. ಗದಗ ಜಿಲ್ಲೆಯ ಮಾಗಡಿ ಕೆರೆಗೆ ಹಿಮಾಲಯ ದಾಟಿ ಪಟ್ಟೆತಲೆ ಹೆಬ್ಬಾತುಗಳು ಬರ್ತವೆ. 2024ರಲ್ಲಿ ಆ ಕೆರೆ ರಾಮ್ಸರ್ ಪಟ್ಟಿಗೂ ಸೇರಿತು. ನಮ್ಮಲ್ಲಿ ಎಷ್ಟು ಜನಕ್ಕೆ ಈ ಹೆಬ್ಬಾತಿನ ತಲೆ ಮೇಲೆ ಎಷ್ಟು ಕಪ್ಪು ಪಟ್ಟೆ ಅಂತ ಗೊತ್ತು? ಎರಡು. ಒಂದು ಸಲ ಬಿಡಿಸಿದ್ರೆ ಜನ್ಮದಲ್ಲಿ ಮರೆಯಲ್ಲ.

ಆದ್ದರಿಂದ ನಮ್ಮ ಸಂಘಕ್ಕೆ ಒಂದು ಸಲಹೆ. ಪ್ರತಿ ವರ್ಷ ಫೆಸ್ಟ್‌ನಲ್ಲಿ ಚಿತ್ರಕಲೆ ಸ್ಪರ್ಧೆಗೆ ‘ಪ್ರಕೃತಿ’, ‘ನನ್ನ ಕನಸು’ ಅಂತ ವಿಷಯ ಕೊಡ್ತೀವಿ. ಈ ಸಲ ಒಂದು ವಿಭಾಗ ಹೀಗೆ ಇಡೋಣ: ಹತ್ತಿರದ ಕೆರೆಯಲ್ಲಿ ಕಾಣೋ ಮೂರು ಹಕ್ಕಿಗಳ ಹೆಸರು, 7×10 ಇಂಚು, ಕೈಯಲ್ಲೇ ಬಿಡಿಸಬೇಕು, ತೀರ್ಪುಗಾರರಲ್ಲಿ ಒಬ್ಬರಾದ್ರೂ ಹಕ್ಕಿ ಬಲ್ಲವರಿರಬೇಕು. ಒಂದು ತಿಂಗಳು ಟೈಮ್. ಗೆದ್ದ ಚಿತ್ರವನ್ನ ಸ್ಟಿಕ್ಕರ್ ಮಾಡಿ ಹತ್ತು ರೂಪಾಯಿಗೆ ಮಾರೋಣ, ಬಂದ ದುಡ್ಡು ಆ ಕೆರೆ ಕೆಲಸಕ್ಕೆ. 60 ಲಕ್ಷ ಎಕರೆ ಉಳಿಯಲ್ಲ ಬಿಡಿ. ಒಂದು ಇಪ್ಪತ್ತು ಜನ ಕೆರೆ ಏರಿ ಮೇಲೆ ಬೆಳಿಗ್ಗೆ ಆರಕ್ಕೆ ಕೂತು, ಈ ಹಕ್ಕಿ ಕೊಕ್ಕು ಯಾವ ಬಣ್ಣ, ಕಾಲು ಎಲ್ಲಿಂದ ಶುರುವಾಗತ್ತೆ ಅಂತ ಜಗಳ ಆಡಿದ್ರೂ ಸಾಕು. ಮುಂದೆ ಆ ಕೆರೆಗೆ ಯಾರಾದ್ರೂ ಲಾರಿಗಟ್ಟಲೆ ಮಣ್ಣು ಸುರಿಯೋಕೆ ಬಂದಾಗ ಅಲ್ಲಿ ಏನೇನಿದೆ ಅಂತ ಹೆಸರು ಹಿಡಿದು ಹೇಳೋಕೆ ಇಪ್ಪತ್ತು ಜನ ಇರ್ತಾರೆ.