ಇಸಿಜಿ ನಾರ್ಮಲ್ ಅಂದಮಾತ್ರಕ್ಕೆ ನಿಶ್ಚಿಂತೆಯಿಂದ ಇರಬೇಡಿ

ಹುಲ್ಲಿನ ಹೊರೆ ಹೊತ್ತು ಬದು ಹತ್ತುವಾಗ ನಮ್ಮ ದೊಡ್ಡಪ್ಪನಿಗೆ ಎದೆ ಹಿಡಿದಂತೆ ಆಗುತ್ತಿತ್ತು. ಐದು ನಿಮಿಷ ಕೂತರೆ ಹೋಗುತ್ತಿತ್ತು. ತಾಲ್ಲೂಕು ಆಸ್ಪತ್ರೆಯಲ್ಲಿ ಇಸಿಜಿ ಮಾಡಿ 'ನಾರ್ಮಲ್' ಅಂತ ಬರೆದರು, ಗ್ಯಾಸ್ಟ್ರಿಕ್ ಮಾತ್ರೆ ಕೊಟ್ಟರು. ಆ ಚೀಟಿಯನ್ನು ದೊಡ್ಡಪ್ಪ ಅರಳಿಕಟ್ಟೆಯಲ್ಲಿ ಎಲ್ಲರಿಗೂ ತೋರಿಸಿದ್ದೇ ತೋರಿಸಿದ್ದು.

ಇಸಿಜಿ ಸುಳ್ಳು ಹೇಳಿರಲಿಲ್ಲ. ಅದು ನೋಡುವುದು ಹೃದಯದ ಕರೆಂಟನ್ನು. ಬೋರ್‌ವೆಲ್ ಮೋಟರಿಗೆ ಲೈನ್ ಬಂದಿದೆಯಾ ಅಂತ ಟೆಸ್ಟರ್ ಹಿಡಿದ ಹಾಗೆ. ಪಂಪು ನೀರು ಎತ್ತುತ್ತಿದೆಯಾ ಅನ್ನುವುದು ಬೇರೆ ಪ್ರಶ್ನೆ. ಅದಕ್ಕೆ ಎಕೋ ಬೇಕು. ಎದೆಗೆ ಜೆಲ್ ಹಚ್ಚಿ, ಕಿವಿಗೆ ಕೇಳಿಸದ ಶಬ್ದದ ಅಲೆ ಒಳಗೆ ಕಳಿಸಿ, ತಿರುಗಿ ಬಂದ ಪ್ರತಿಧ್ವನಿಯಿಂದ ಹೃದಯದ ಗೋಡೆ ಹೇಗೆ ಕುಣಿಯುತ್ತಿದೆ ಅಂತ ಪರದೆಯ ಮೇಲೆ ನೋಡುತ್ತಾರೆ. ಕೊಯ್ಯುವುದಿಲ್ಲ, ನೋಯುವುದಿಲ್ಲ. 1953ರಲ್ಲಿ ಸ್ವೀಡನ್ನಿನ ಲುಂಡ್ ಊರಲ್ಲಿ ಡಾಕ್ಟರ್ ಇಂಗೆ ಎಡ್ಲರ್ ಮತ್ತು ಭೌತವಿಜ್ಞಾನಿ ಹೆಲ್ಮುತ್ ಹರ್ಟ್ಸ್ ಇದನ್ನು ಶುರು ಮಾಡಿದರು. ಅವರು ಮೊದಲು ಪರೀಕ್ಷೆ ಮಾಡಿ ನೋಡಿದ ಯಂತ್ರ ಹಡಗು ಕಟ್ಟುವವರದು, ಲೋಹದಲ್ಲಿ ಬಿರುಕು ಹುಡುಕುವಂಥದ್ದು!

ಹೃದಯದ ರಕ್ತನಾಳ ಕಿರಿದಾಗಿ ರಕ್ತ ಸಾಲದಿದ್ದರೆ, ಆ ಭಾಗದ ಗೋಡೆ ಸರಿಯಾಗಿ ಹಿಂಡುವುದಿಲ್ಲ. ಸಾಮಾನ್ಯವಾಗಿ ಗೋಡೆ ಸೋಲುವುದು ಮೊದಲು, ಇಸಿಜಿ ಬದಲಾಗುವುದು ಆಮೇಲೆ, ನೋವು ಕೊನೆಗೆ. ಆದರೆ ಮಲಗಿದ ಹೃದಯಕ್ಕೆ ಕಡಿಮೆ ರಕ್ತವೂ ಸಾಕಾಗುತ್ತದೆ. ಹಾಗಾಗಿ ಬರೀ ಎಕೋ ಕೂಡ ಸರಿಯಾಗಿಯೇ ಕಾಣಬಹುದು. ದೊಡ್ಡಪ್ಪನಿಗೂ ಹಾಗೇ ಆಯಿತು. ಮೂರು ವಾರದ ಮೇಲೆ ಜಿಲ್ಲಾ ಕೇಂದ್ರಕ್ಕೆ ಕರೆದೊಯ್ದೆವು. ಮಲಗಿಸಿ ನೋಡಿದಾಗ ಎಲ್ಲ ಸರಿ. ಟ್ರೆಡ್‌ಮಿಲ್ ಮೇಲೆ ಓಡಾಡಿಸಿ, ಏದುಸಿರು ಬಿಡುವಾಗಲೇ ಮಲಗಿಸಿ ನೋಡಿದರೆ ಮುಂಭಾಗದ ಗೋಡೆ ಹೆಚ್ಚುಕಡಿಮೆ ನಿಂತೇ ಬಿಟ್ಟಿತ್ತು. ಇದಕ್ಕೆ ಸ್ಟ್ರೆಸ್ ಎಕೋ ಅನ್ನುತ್ತಾರೆ. ನಡೆಯಲಾಗದವರಿಗೆ ಇಂಜೆಕ್ಷನ್ ಕೊಟ್ಟು ಹೃದಯವನ್ನು ಓಡಿಸುತ್ತಾರೆ. ಆಮೇಲೆ ಆಂಜಿಯೋಗ್ರಾಂ, ಸ್ಟೆಂಟ್.

ಪುನೀತ್ ರಾಜ್‌ಕುಮಾರ್ ಹೆಸರಿನ ಹೃದಯ ಜ್ಯೋತಿ ಯೋಜನೆಯಲ್ಲಿ ತಾಲ್ಲೂಕಿನ ಇಸಿಜಿ ದೊಡ್ಡ ಆಸ್ಪತ್ರೆಯ ತಜ್ಞರಿಗೆ ಹೋಗುತ್ತದೆ, ಹೃದಯಾಘಾತವಾದರೆ ದುಬಾರಿ ಇಂಜೆಕ್ಷನ್ ಉಚಿತ. ಒಳ್ಳೆಯ ಕೆಲಸ, ಜೀವ ಉಳಿಸುವ ಕೆಲಸ. ಎದೆನೋವು ಬಂದು ಕೂತರೂ ಹೋಗದಿದ್ದರೆ, ಬೆವರು ಸುರಿದರೆ, ಎಕೋ ಗಿಕೋ ಅಂತ ಕಾಯಬೇಡಿ, 108 ಕರೆದು ಓಡಿ. ಆದರೆ ದುಡಿಯುವಾಗ ಮಾತ್ರ ನೋವು ಬರುವವರ ಗತಿ? ಅವರು ಆಸ್ಪತ್ರೆ ಬೆಂಚಿನ ಮೇಲೆ ಸರದಿಗೆ ಕೂತಿರುವಷ್ಟರಲ್ಲಿ ಹೃದಯ ತಣ್ಣಗಾಗಿರುತ್ತದೆ, ಇಸಿಜಿ ನೇರ ಬರುತ್ತದೆ, ಮನೆಗೆ ಕಳಿಸುತ್ತಾರೆ. ಹೆಂಗಸರಿಗಂತೂ 'ಸುಸ್ತು' ಅಂತ ಹೇಳಿ ಮುಗಿಸುತ್ತಾರೆ.

ಯಂತ್ರ ತಂದಿಟ್ಟರೂ ಸಾಲದು, ಗೋಡೆ ಸೋತಿದ್ದನ್ನು ಗುರುತಿಸಲು ಪಳಗಿದ ಕಣ್ಣು ಬೇಕು. ಪ್ರತಿ ತಾಲ್ಲೂಕಿಗೂ ಹೃದಯ ತಜ್ಞರು ಸಿಗುವುದು ಸದ್ಯಕ್ಕೆ ಕನಸು. ವಾರಕ್ಕೊಂದು ದಿನ ಜಿಲ್ಲೆಯಿಂದ ಒಬ್ಬರು ಬಂದು ಎಕೋ ಮಾಡಲಿ, ಅನುಮಾನ ಇದ್ದವರನ್ನು ಸ್ಟ್ರೆಸ್ ಎಕೋಗೆ ಬರೆದು ಕಳಿಸಲಿ. ಇಷ್ಟು ಕೇಳುವುದು ಅತಿಯಾಸೆಯಲ್ಲ. ನಮ್ಮ ತಾಲ್ಲೂಕು ಆಸ್ಪತ್ರೆಯ ಆರೋಗ್ಯ ರಕ್ಷಾ ಸಮಿತಿಗೆ ಈ ಅರ್ಜಿ ಬರೆದಿದ್ದೇವೆ. ಮೊದಲ ಸಹಿ ದೊಡ್ಡಪ್ಪನದು. ಆ 'ನಾರ್ಮಲ್' ಚೀಟಿಯ ಜೆರಾಕ್ಸ್ ಕೂಡ ಲಗತ್ತಿಸಿದ್ದಾರೆ.