ಚಿತ್ರವಿದೆ, ಸದ್ದಿಲ್ಲ

ಹಳೆಯ ವಿಡಿಯೋ ಗೇಮ್ ಯಂತ್ರದಲ್ಲಿ ಚಿತ್ರ ಮೂಡಿಯೂ ಸದ್ದು ಹೊರಡದಿದ್ದರೆ ಸರ್ಕ್ಯೂಟ್ ಬೋರ್ಡನ್ನೇ ಗುಜರಿಗೆ ಹಾಕುವುದು ಅವಿವೇಕವೆಂದು ನನ್ನ ಅಭಿಪ್ರಾಯ. ಇಂತಹ ಎಷ್ಟೋ ಬೋರ್ಡುಗಳಲ್ಲಿ ಆಟ ನಡೆಯುವುದು 5 ವೋಲ್ಟಿನಿಂದ. ಸದ್ದಿನ ಆಂಪ್ಲಿಫೈಯರಿಗೆ ಮಾತ್ರ 12 ವೋಲ್ಟ್ ಬೇಕು. ಆ ಒಂದು ತಂತಿ ಕಳಚಿದರೂ ಆಟ ಮೂಕವಾಗುತ್ತದೆ. ಮೊದಲು ಅದನ್ನು ಅಳೆಯಬೇಕು. ಅನಂತರ ಸ್ಪೀಕರ್, ವಾಲ್ಯೂಮ್ ಕಂಟ್ರೋಲ್, ಒಣಗಿದ ಕೆಪಾಸಿಟರುಗಳು. ಐಸಿಯ ಮೇಲಿನ ಸಂಶಯ ಕೊನೆಗಿರಲಿ.

ಇದಕ್ಕೆ ಪಳಗಿದ ಕೈ ಬೇಕು. 2001ರ ಫೆಬ್ರವರಿ 28ರಂದು ಚಿನ್ನದ ಗಣಿ ಮುಚ್ಚಿದ ಮೇಲೆ ಕೆ.ಜಿ.ಎಫ್.ನ ಅಂತಹ ಎಷ್ಟೋ ಕೈಗಳು ಬಂಗಾರಪೇಟೆಯ ಮೂಲಕ ಬೆಂಗಳೂರಿನ ರೈಲು ಹಿಡಿದವು. ಊರಲ್ಲುಳಿದ ರಿಪೇರಿಯವರಿಗೆ ನಾವು ಬಿಡಿಭಾಗದ ಬೆಲೆಯನ್ನಷ್ಟೇ ಎಣಿಸಿಕೊಡುತ್ತೇವೆ. ಕೆಪಾಸಿಟರಿನ ಬೆಲೆ ಅಲ್ಪವೇ ಇರಬಹುದು. ಕೆಟ್ಟದ್ದು ಯಾವುದೆಂದು ಹುಡುಕಿದ ಅರ್ಧ ದಿನದ ಕೂಲಿಯನ್ನೂ ಕೊಡಿ.